ಕಾಳಜಿಯೋ, ಕಾವಲೋ? ವೈಜ್ಞಾನಿಕ ಪ್ರೇಮ ಕಾದಂಬರಿಯ ನಾಯಕನನ್ನು ಎಲ್ಲಿಂದ ತಿದ್ದಬೇಕು?

ಹಿನ್ನೀರು_ಬರಹ:

ಎಲ್ಲರಿಗೂ ನಮಸ್ಕಾರ. ಒಂದು ವೈಜ್ಞಾನಿಕ ಪ್ರೇಮ ಕಾದಂಬರಿಯ ಎರಡನೇ ಕರಡು ಮುಗಿದಿದೆ, 31 ಅಧ್ಯಾಯ. ಕಾಲ 2071. ಸಿಗಂದೂರಿನ ಕಡೆ, ಶರಾವತಿ ಹಿನ್ನೀರಿನ ದಡದಲ್ಲಿ ಮಂಗನ ಕಾಯಿಲೆಯ ಸಂಶೋಧನಾ ಕೇಂದ್ರ. ಲಾಂಚ್ ಬಿಟ್ಟರೆ ಹೊರಗೆ ಹೋಗಲು ದಾರಿ ಇಲ್ಲ. ಭಾರ್ಗವಿ ಆ ಕಾಯಿಲೆ ಹರಡುವ ಉಣುಗುಗಳ (ಉಣ್ಣೆ) ಮೇಲೆ ಕೆಲಸ ಮಾಡುವ ವಿಜ್ಞಾನಿ. ಸುಮಂತ ಕೇಂದ್ರದ ವ್ಯವಸ್ಥೆ ನೋಡಿಕೊಳ್ಳುವವನು. ಬಾಗಿಲು, ಡ್ರೋನ್, ಲಾಂಚ್, ಕರೆಂಟು ಎಲ್ಲ ಅವನ ಕೈಯಲ್ಲಿ. ಮಿತಭಾಷಿ, ಒಮ್ಮೆಯೂ ದನಿ ಏರಿಸುವುದಿಲ್ಲ.

ತೊಂದರೆ ಇರುವುದು ಈ ಜಾಗಗಳಲ್ಲಿ. 7ನೇ ಅಧ್ಯಾಯದಲ್ಲಿ ಕಾನಿನೊಳಗೆ (ದಟ್ಟ ಕಾಡಿನೊಳಗೆ) ಹೋದ ಭಾರ್ಗವಿಯ ನಾಡಿಬಡಿತ ಏರಿದ್ದು ಅವಳ ಕೈಪಟ್ಟಿಯಿಂದ ಅವನಿಗೆ ಗೊತ್ತಾಗುತ್ತದೆ, ಹೆದರಿದ್ದಾಳೆಂದು ಡ್ರೋನ್ ಕಳಿಸಿ ವಾಪಸ್ ಕರೆಸುತ್ತಾನೆ. 14ರಲ್ಲಿ ಮುಂಗಾರಿನ ಗಾಳಿ. ಅಮ್ಮನಿಗೆ ಸೀರಿಯಸ್ ಎಂದು ಅವಳು ಹೊರಟಾಗ ಲಾಂಚ್ ಲಾಕ್ ಮಾಡುತ್ತಾನೆ. 19ರಲ್ಲಿ, ಅಂದರೆ ಎರಡು ವಾರದ ನಂತರ, ಅವಳಿಗೆ ಉಣುಗು ಕಡಿಯುತ್ತದೆ. 8 ದಿನ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾನೆ, ಆತಂಕ ಹೆಚ್ಚಬಾರದೆಂದು ಮನೆಯಿಂದ ಬರುವ ಮೆಸೇಜುಗಳನ್ನು ತಾನೇ ಮೊದಲು ಓದುತ್ತಾನೆ. 28ರಲ್ಲಿ ಅತ್ತು ಕ್ಷಮೆ ಕೇಳುತ್ತಾನೆ.

14ರ ಸಾಲು ಹೀಗಿದೆ: "ಈ ಗಾಳೀಲಿ ಎಲ್ಲಿಗೂ ಹೋಗೋದು ಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು," ಎಂದು ಸುಮಂತ ಲಾಂಚಿನ ಲಾಕ್ ಒತ್ತಿದ. ಭಾರ್ಗವಿ ಹುಸಿಮುನಿಸಿನಿಂದ ಮುಖ ತಿರುಗಿಸಿದಳು.

ಕರಡು ಓದಿದ ನಾಲ್ವರಲ್ಲಿ ಇಬ್ಬರು "ಇಂಥ ಪ್ರೀತಿ ಬೇಕು" ಎಂದರು, ಇಬ್ಬರು "ಇದು ಪ್ರೀತಿಯಲ್ಲ, ಜೈಲು" ಎಂದರು. ಅವನನ್ನು ಬರೀ ಒಳ್ಳೆಯ ಹುಡುಗ ಮಾಡಿದರೆ ಕಥೆಯ ಬಿಗಿ ಹೋಗುತ್ತದೆ. ಎಲ್ಲಿಂದ ಕೈ ಹಾಕಲಿ?

ಕಾನುಮನೆ:

ಸ್ವಭಾವ ತಿದ್ದೋಕೆ ಹೋಗಬೇಡಿ, ಮೊದಲು ಬೀಗದ ಕೈ ಎಣಿಸಿ. ಊರಿನ ಕಥೆಯಲ್ಲಿ ಹೆಂಡತಿಯನ್ನು ಹಿಡಿದಿಡುವ ಗಂಡ ಕೂಗಬೇಕು, ಹೊಡೆಯಬೇಕು, ಬಾಗಿಲಿಗೆ ಅಡ್ಡ ನಿಲ್ಲಬೇಕು. ವೈಜ್ಞಾನಿಕ ಕಾದಂಬರಿಯ ನಾಯಕನಿಗೆ ಅದ್ಯಾವುದೂ ಬೇಡ, ಪಾಸ್‌ವರ್ಡ್ ಒಂದಿದ್ದರೆ ಸಾಕು. ಹಾಗಾಗಿ "ಮಿತಭಾಷಿ, ದನಿ ಏರಿಸಲ್ಲ" ಅನ್ನೋದು ಇಲ್ಲಿ ಅವನ ಪರವಾದ ಸಾಕ್ಷಿ ಆಗಲ್ಲ. ಮೆತ್ತಗೆ ಮಾತಾಡಿ ಲಾಕ್ ಒತ್ತುವವನು ಕೂಗುವವನಿಗಿಂತ ಹೆಚ್ಚು ಹೆದರಿಸ್ತಾನೆ, ಯಾಕೆಂದರೆ ಅವನ ಹತ್ತಿರ ಜಗಳವಾಡೋಕೂ ಜಾಗ ಇಲ್ಲ.

ಒಂದು ಹಾಳೆಯಲ್ಲಿ ಅಧ್ಯಾಯದ ಸಂಖ್ಯೆ ಬರೆದುಕೊಂಡು ಪಕ್ಕದಲ್ಲಿ ನಾಲ್ಕು ವಿಷಯ ಗುರುತು ಹಾಕಿ. ಬಾಗಿಲು ಯಾರ ಕೈಯಲ್ಲಿ, ಅವಳ ಬಗೆಗಿನ ಮಾಹಿತಿ ಯಾರ ಪರದೆ ಮೇಲೆ, ಊಟ ಮತ್ತು ದುಡ್ಡು ಯಾರ ಸಹಿಯಿಂದ, ಹೊರಗೆ ಹೋಗುವ ದಾರಿ ಯಾರ ಹತ್ತಿರ. ನಿಮ್ಮ ಕರಡಿನಲ್ಲಿ ಮೂರು ಕಡೆಯಾದರೂ ಸುಮಂತನ ಹೆಸರೇ ಬರುತ್ತೆ. ಆಮೇಲೆ ಇನ್ನೊಂದು ಸಾಲು: ಅವಳು "ಬೇಡ" ಅಂದಾಗ ಅವಳಿಗೆ ಏನು ಖರ್ಚಾಯ್ತು? ಅವನು ಮೂರು ದಿನ ಮಾತು ಬಿಟ್ಟನಾ, ಲ್ಯಾಬಿನ ಸಮಯ ಕಡಿಮೆ ಆಯ್ತಾ, ಅವಳೇ ಸಮಾಧಾನ ಮಾಡಬೇಕಾಯ್ತಾ? "ಬೇಡ" ಪುಕ್ಕಟೆ ಆಗಿರಬೇಕು. ಅದಕ್ಕೆ ಬೆಲೆ ಬಿದ್ದ ಕಡೆಯೆಲ್ಲ ಕೆಂಪು ಶಾಯಿ ಹಾಕಿ, ತಿದ್ದುವ ಜಾಗ ತಾನಾಗಿ ಕಾಣುತ್ತೆ.

14ಕ್ಕೆ ನನ್ನ ಸಲಹೆ. ಲಾಂಚಿನ ನಿಯಮ ಸುಮಂತನ ತಲೆಯಲ್ಲಿ ಇರಬಾರದು, ಜೆಟ್ಟಿಯ ಬೋರ್ಡಿನಲ್ಲಿರಬೇಕು. ಗಾಳಿ ಗಂಟೆಗೆ 50 ಕಿ.ಮೀ. ದಾಟಿದರೆ ಲಾಂಚ್ ಯಾರಿಗೂ ಹೊರಡಲ್ಲ. ಗಾಳಿಮಾಪಕದ ಅಂಕಿ ಎಲ್ಲರಿಗೂ ಕಾಣುತ್ತೆ. ತುರ್ತಿಗೆ ಕೇಂದ್ರದ ಯಾರಾದರೂ ಇಬ್ಬರು ಸೇರಿ ಲಾಕ್ ತೆಗೆಯಬಹುದು. ಇದನ್ನು 2ನೇ ಅಧ್ಯಾಯದಲ್ಲೇ ಓದುಗರಿಗೆ ತೋರಿಸಿ. ಮುಖ್ಯ ಏನಂದ್ರೆ, ಆ ನಿಯಮ ಮೊದಲು ತಡೆಯಬೇಕಾದ್ದು ಸುಮಂತನನ್ನೇ. 5ನೇ ಅಧ್ಯಾಯದಲ್ಲಿ ಅವನದೇ ಏನೋ ಕೆಲಸ ಗಾಳಿಯಿಂದ ತಪ್ಪಲಿ. ಈಗ 14ಕ್ಕೆ ಬನ್ನಿ: ಬೋರ್ಡಿನಲ್ಲಿ 47, ಏರ್ತಾ ಇದೆ. ಅವನಿಗೆ "ಬೇಡ" ಅನ್ನಬೇಕು ಅನ್ನಿಸುತ್ತೆ, ಆದರೆ ಕೈಯಲ್ಲಿ ಕೀಲಿ ಇಲ್ಲ, ಇರೋದು ಮಾತು ಮಾತ್ರ. ಬಿಗಿ ಎಲ್ಲೂ ಹೋಗಿಲ್ಲ ನೋಡಿ. ಆ 3 ಕಿ.ಮೀ. ಒಳಗೇ ಇದೆ.

ಇನ್ನೊಂದು, ಅಮ್ಮನಿಗೆ ಸೀರಿಯಸ್ ಅನ್ನೋ ಕಾರಣ ತೆಗೆದುಬಿಡಿ. ಸಾವಿನ ಹಾಸಿಗೆ ಇದ್ದರೆ ಮಾತ್ರ ಹೊಳೆ ದಾಟಬಹುದು ಅಂದರೆ ಅನುಮತಿ ಕೇಳಿಸ್ತಿರೋದು ಸುಮಂತ ಅಲ್ಲ, ನೀವೇ. ಸಣ್ಣ ಕಾರಣ ಕೊಡಿ. ಅಡಿಕೆ ತೋಟಕ್ಕೆ ಕೊಳೆರೋಗದ ಎರಡನೇ ಸಿಂಪಡಣೆ ಇದೆ ಅಂತಿಟ್ಟುಕೊಳ್ಳಿ. ಮೊದಲ ಸಿಂಪಡಣೆ ಆದ 40-45 ದಿನಕ್ಕೆ ಹೊಡೆಯಲೇಬೇಕು, ಮಳೆ ಒಂದು ದಿನ ಹೊಳವಾದಾಗಲೇ ಆಗಬೇಕು. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಕಲಸಿದ್ದನ್ನು ಅದೇ ದಿನ ಮುಗಿಸಬೇಕು. ಮಲೆನಾಡಿನ ಓದುಗರಿಗೆ ಆ ಅವಸರ ವಿವರಿಸಬೇಕಾಗಿಲ್ಲ. ಅಷ್ಟು ಸಾಮಾನ್ಯ ಕೆಲಸಕ್ಕೆ ಅವಳು ಹೊರಟಾಗ ಅವನು ಹೇಗೆ ನಡೆದುಕೊಳ್ತಾನೆ ಅನ್ನೋದರಲ್ಲಿ ಅವನು ಯಾರು ಅಂತ ಗೊತ್ತಾಗುತ್ತೆ.

ಭೂಗೋಳದ್ದೂ ಒಂದು ತಕರಾರು. ಸಿಗಂದೂರಿಗೆ ಹೋಗೋಕೆ ಹಿನ್ನೀರಿನ ಮೇಲೆ ಕಟ್ಟಿದ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ 2025ರ ಜುಲೈಯಲ್ಲೇ ಸಂಚಾರಕ್ಕೆ ಬಿಟ್ಟಾಗಿದೆ. 2071ರಲ್ಲಿ ಸಿಗಂದೂರು ದಡದಲ್ಲಿ ನಿಂತು "ಲಾಂಚ್ ಬಿಟ್ಟರೆ ದಾರಿಯಿಲ್ಲ" ಅಂದರೆ ಸಾಗರದವರು ಯಾರೂ ನಂಬಲ್ಲ. ಕೇಂದ್ರವನ್ನು ಹಿನ್ನೀರಿನ ನಡುವಿನ ಕಲ್ಪಿತ ನಡುಗಡ್ಡೆಗೆ ಸಾಗಿಸಿ. ಆಗ ನೀರಿನ ಮಟ್ಟವೂ ಕಥೆಗೆ ಬರುತ್ತೆ: ಲಿಂಗನಮಕ್ಕಿ ಅಣೆಕಟ್ಟಿನ ಪೂರ್ಣ ಮಟ್ಟ 1,819 ಅಡಿ, ಬೇಸಿಗೆಯ ಕೊನೆಗೆ ನೀರು ಇಳಿದು ಮುಳುಗಡೆಯಾದ ನೆಲ, ಮರದ ಬೊಡ್ಡೆ ಎಲ್ಲ ಮೇಲೆ ಬರುತ್ತೆ. ಮೇ ತಿಂಗಳಲ್ಲಿ ನಡೆದೇ ದಾಟಬಹುದಾದ ನಡುಗಡ್ಡೆ ಆಗಸ್ಟ್‌ನಲ್ಲಿ ಜೈಲಾಗುತ್ತೆ. ಆ ದಾರಿ ಭಾರ್ಗವಿಗೆ ಗೊತ್ತಿರಲಿ.

ಉಣುಗು_ಚಿಮುಟ:

ಮೇಲಿನವರು ಹೇಳಿದ್ದಕ್ಕೆ ನನ್ನ ಸಹಮತ. ನಾನು 7 ಮತ್ತು 19ರ ಬಗ್ಗೆ ಮಾತ್ರ ಬರೆಯುತ್ತೇನೆ.

19ನೇ ಅಧ್ಯಾಯ ವೈದ್ಯಕೀಯವಾಗಿ ನಿಲ್ಲುವುದಿಲ್ಲ. ಮಂಗನ ಕಾಯಿಲೆ ಮೊದಲು ಗುರುತಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈರಸ್ ಬರುವುದು ಸೋಂಕಿರುವ ಉಣುಗು ಕಚ್ಚುವುದರಿಂದ, ಇಲ್ಲವೇ ಕಾಯಿಲೆಬಿದ್ದ ಅಥವಾ ಸತ್ತ ಮಂಗನ ಸಂಪರ್ಕದಿಂದ. ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ಆ ಬೀಗಕ್ಕೆ ಕಾರಣವೇ ಇಲ್ಲ. ಅದಕ್ಕಿಂತ ದೊಡ್ಡ ತಪ್ಪು, ಇದನ್ನು ಭಾರ್ಗವಿ ಒಂದೇ ಮಾತಿನಲ್ಲಿ ಹೇಳಬೇಕಿತ್ತು. ಉಣುಗಿನ ಮೇಲೇ ಕೆಲಸ ಮಾಡುವ ವಿಜ್ಞಾನಿ 8 ದಿನ ಸುಮ್ಮನೆ ಒಳಗೆ ಕೂತರೆ, ಅವಳ ವಿದ್ಯೆಯನ್ನು ಕಾದಂಬರಿಯೇ ಕಿತ್ತುಕೊಂಡ ಹಾಗಾಯಿತು. ಕಚ್ಚಿದ ಮೇಲೆ ನಿಜವಾಗಿ ಮಾಡಬೇಕಾದದ್ದು: ದಿನಕ್ಕೆ ಎರಡು ಬಾರಿ ಜ್ವರ ನೋಡಿ ಬರೆದಿಡುವುದು, 3ರಿಂದ 8 ದಿನದೊಳಗೆ ಇದ್ದಕ್ಕಿದ್ದಂತೆ ಜ್ವರ, ವಿಪರೀತ ತಲೆನೋವು, ಮೈಕೈನೋವು ಬಂದರೆ ತಕ್ಷಣ ರಕ್ತ ಪರೀಕ್ಷೆ, ಆಸ್ಪತ್ರೆ. ಇಷ್ಟರಲ್ಲಿ ಬೀಗಕ್ಕೆ ಎಲ್ಲೂ ಕೆಲಸವಿಲ್ಲ.

ಋತುವೂ ಸರಿಯಿಲ್ಲ. ಪ್ರಕರಣಗಳು ಹೆಚ್ಚಾಗಿ ಬರುವುದು ಡಿಸೆಂಬರಿನಿಂದ ಮೇ ತನಕ, ಮರಿ ಉಣುಗುಗಳ ಕಾಲದಲ್ಲಿ. ಮುಂಗಾರಿನ ಗಾಳಿಯಾದ ಎರಡು ವಾರಕ್ಕೆ ಈ ಕಡಿತ ಬರುವುದು ಓದುಗರ ಕಣ್ಣಿಗೆ ಕುತ್ತುತ್ತದೆ. 14 ಮತ್ತು 19ರ ನಡುವೆ ಆರು ತಿಂಗಳು ಬಿಡಿ.

ಪ್ರೇಮದ ದೃಶ್ಯ ಬೇಕೆಂದರೆ ಬೀಗಕ್ಕಿಂತ ಒಳ್ಳೆಯದು ಈ ಕೆಲಸದಲ್ಲೇ ಇದೆ. ಕಾನಿಗೆ ಇಳಿಯುವ ಮೊದಲು ಉಣುಗು ಹತ್ತದಂತೆ ಡೇಪಾ ಎಣ್ಣೆ ಹಚ್ಚಿಕೊಳ್ಳುತ್ತಾರೆ, ವಾಪಸ್ ಬಂದ ಮೇಲೆ ಮೈಯೆಲ್ಲ ಹುಡುಕಿಕೊಳ್ಳುತ್ತಾರೆ: ಕಿವಿಯ ಹಿಂದೆ, ಕೂದಲಿನ ಅಂಚು, ಸೊಂಟದ ಪಟ್ಟಿಯ ಕೆಳಗೆ, ಮೊಣಕಾಲಿನ ಹಿಂದೆ. ಮರಿ ಉಣುಗು ಸಾಸಿವೆಗಿಂತ ಸಣ್ಣದು. ಕುತ್ತಿಗೆಯ ಹಿಂಭಾಗ ತನಗೆ ಕಾಣುವುದಿಲ್ಲ. ಭಾರ್ಗವಿ ಕೂದಲನ್ನು ಒಂದು ಪಕ್ಕಕ್ಕೆ ಸರಿಸಿ, ಬೆನ್ನು ತಿರುಗಿಸಿ, ಚಿಮುಟವನ್ನು ಭುಜದ ಮೇಲಿಂದ ಅವನ ಕಡೆ ಚಾಚಲಿ. ಕೇಳಿದ್ದು ಅವಳು. ಅವನು ಚರ್ಮಕ್ಕೆ ತಾಗುವಂತೆ ಹಿಡಿದು ನೇರವಾಗಿ ಮೇಲೆತ್ತಬೇಕು. ತಿರುಚಿದರೆ ಬಾಯಿಭಾಗ ಒಳಗೇ ಉಳಿಯುತ್ತದೆ, ಬೆರಳಲ್ಲಿ ಜಜ್ಜಬಾರದು. ಅಷ್ಟು ಹತ್ತಿರ, ಅಷ್ಟು ನಿಧಾನ, ಕೈ ನಡುಗಬಾರದು. ಆಮೇಲೆ ಅವಳು ಚಿಮುಟ ವಾಪಸ್ ತೆಗೆದುಕೊಂಡು "ಈಗ ನೀನು ತಿರುಗು" ಎನ್ನಲಿ.

ಇನ್ನು ಕೈಪಟ್ಟಿ. ನಾಡಿ ಅಳೆಯುವ ಪಟ್ಟಿ ಚರ್ಮಕ್ಕೆ ಬೆಳಕು ಬಿಟ್ಟು, ಮರಳಿ ಬರುವ ಬೆಳಕಿನ ಏರಿಳಿತದಿಂದ ಲೆಕ್ಕ ಹಾಕುತ್ತದೆ. ಪಟ್ಟಿ ಸಡಿಲವಾದರೆ, ಕೈ ಬೀಸಿದರೆ, ಮಳೆಯಲ್ಲಿ ಚರ್ಮ ತಣ್ಣಗಾಗಿ ರಕ್ತದ ಓಟ ಕಡಿಮೆಯಾದರೆ ಅಂಕಿ ಹುಚ್ಚೆದ್ದು ಹೋಗುತ್ತದೆ. ಅಂಕಿ ಸರಿಯಿದ್ದರೂ ಅರ್ಥ ಸರಿಯಿರಬೇಕೆಂದಿಲ್ಲ. ಕೊಡಚಾದ್ರಿಯಂಥ ಏರು ಹತ್ತುವಾಗ 140 ಸಹಜ, ಕಾಳಿಂಗ ಕಂಡು ನಿಂತಾಗಲೂ 140. ದಟ್ಟ ಕಾನಿನ ಚಪ್ಪರದ ಕೆಳಗೆ ಜಿಪಿಎಸ್ ಹತ್ತಾರು ಮೀಟರ್ ತಪ್ಪಬಹುದು. ಸುಮಂತ ನೋಡಿದ್ದು ಸಂಖ್ಯೆ, "ಹೆದರಿದ್ದಾಳೆ" ಎಂದು ತೀರ್ಮಾನಿಸಿದ್ದು ಅವನೇ. ಈ ಅಂತರವೇ 7ನೇ ಅಧ್ಯಾಯದ ವಿಷಯವಾಗಬಹುದು: ಡ್ರೋನ್ ಸದ್ದಿಗೆ ಮಂಗಗಳು ಚದುರಿ, ಅವಳ ಮೂರು ಗಂಟೆಯ ಕಾಯುವಿಕೆ ಹಾಳಾಗಲಿ.

ಪಟ್ಟಿಯನ್ನು ಹೀಗೆ ಕಟ್ಟಿ. 20 ನಿಮಿಷ ಚಲನೆಯೇ ಇಲ್ಲದಿದ್ದರೆ ಮೊದಲು ಅವಳ ಕೈಯಲ್ಲೇ ಕಂಪನ. ಅವಳು ಗುಂಡಿ ಒತ್ತಿದರೆ ವಿಷಯ ಅಲ್ಲಿಗೇ ಮುಗಿಯಿತು. ಒತ್ತದಿದ್ದರೆ ಮಾತ್ರ ಎಚ್ಚರಿಕೆ ಹೋಗುವುದು, ಅದೂ ಪಾಳಿಯಲ್ಲಿರುವ ವೈದ್ಯಕೀಯ ಸಿಬ್ಬಂದಿಗೆ. ಸುಮಂತನ ಪರದೆಗೆ ನಾಡಿ ಬರಲೇಬಾರದು. ಪಟ್ಟಿ ಆನ್ ಮಾಡಲು ಒಂದು ಒತ್ತು ಸಾಕಾದರೆ ಆಫ್ ಮಾಡಲೂ ಒಂದೇ ಒತ್ತು. ಇದು ನನ್ನ ಕಲ್ಪನೆಯಲ್ಲ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೇ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳಲು ಆಗಬೇಕು ಎನ್ನುತ್ತದೆ. ಮೆಸೇಜು ಓದುವ ವಿಷಯ ಇನ್ನೂ ಗಂಭೀರ. ಮಹಿಳೆಯ ಇಂಟರ್ನೆಟ್, ಇಮೇಲ್, ಎಲೆಕ್ಟ್ರಾನಿಕ್ ಸಂವಹನದ ಮೇಲೆ ಕಣ್ಣಿಡುವುದನ್ನು 2013ರಿಂದಲೇ ಹಿಂಬಾಲಿಸುವ ಅಪರಾಧದಲ್ಲಿ ಸೇರಿಸಿದ್ದಾರೆ, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ. ಮೊದಲ ಸಲಕ್ಕೇ 3 ವರ್ಷದ ತನಕ ಶಿಕ್ಷೆ. 2071ರ ಕಾನೂನನ್ನು ನೀವು ಬೇರೆ ಬರೆಯಬಹುದು, ಆದರೆ ಇಂದಿನದಕ್ಕಿಂತ ಕೆಳಗಿಳಿದಿದ್ದರೆ ಯಾಕೆ ಇಳಿಯಿತು ಎಂದು ಕಥೆ ಹೇಳಬೇಕಾಗುತ್ತದೆ.

ಹಿನ್ನೀರು_ಬರಹ:

ತುಂಬ ಉಪಕಾರವಾಯಿತು. ಹಾಗಾದರೆ 19ನ್ನು ಪೂರ್ತಿ ಕಿತ್ತು ಹಾಕುವುದೇ? ಹಿಡಿತದ ನಾಯಕನನ್ನು ಇಷ್ಟಪಟ್ಟೇ ಓದುವವರು ಬಹಳ ಜನ ಇದ್ದಾರೆ, ಅವರ ಓದು ತಪ್ಪು ಎನ್ನಲು ನನಗೆ ಮನಸ್ಸಿಲ್ಲ.

ಕತ್ತಲೆಕಾನು:

ಕೀಳಬೇಡಿ. ಅವರ ಓದು ತಪ್ಪೂ ಅಲ್ಲ. ಹಿಡಿದಿಡುವ ಪ್ರೇಮಿಯ ಬಗ್ಗೆ ಬರೆಯುವುದು ಬೇರೆ, ಹಿಡಿದಿಡುವುದನ್ನೇ ಪ್ರೇಮ ಅಂತ ಬರೆಯುವುದು ಬೇರೆ. ಮೊದಲನೆಯದಕ್ಕೆ ಒಂದೇ ಷರತ್ತು: ಅವನು ಮಾಡ್ತಿರೋದು ಏನು ಅಂತ ಪುಸ್ತಕಕ್ಕೆ ಗೊತ್ತಿರಬೇಕು.

19ನ್ನು ಭಾರ್ಗವಿಯ ಕಣ್ಣಿನಿಂದ ಬರೆಯಿರಿ. ಈಗ ಅದು ಸುಮಂತನ ಕಣ್ಣಿನಲ್ಲಿದೆ ಅಂತ ನನ್ನ ಊಹೆ, ಯಾಕೆಂದರೆ "ಆತಂಕ ಹೆಚ್ಚಬಾರದೆಂದು" ಅನ್ನೋ ಕಾರಣ ಅವನ ತಲೆಯೊಳಗಿನದು. ಕೋಣೆಯೊಳಗಿರುವವಳಿಗೆ ಆ ಕಾರಣ ಕಾಣಲ್ಲ. ಕಾಣೋದು ಮೂರು ದಿನದಿಂದ ಓದಿದ್ದು ಎಂಬ ಗುರುತು ಬಿದ್ದಿರುವ, ತಾನು ತೆರೆದೇ ಇಲ್ಲದ ಅಮ್ಮನ ಮೆಸೇಜು. ಆ ಒಂದು ವಿವರ ಸಾಕು. ಅವಳು ಬಾಗಿಲು ಬಡಿಯೋದೂ ಬೇಡ. 9ನೇ ದಿನ ಅವಳು ನಡುಗಡ್ಡೆ ಬಿಟ್ಟು ಹೋಗಲಿ. ಕಾನುಮನೆಯವರು ಹೇಳಿದ ಬೇಸಿಗೆಯ ದಾರಿ ಆಗ ಕೆಲಸಕ್ಕೆ ಬರುತ್ತೆ, 14 ಮತ್ತು 19ರ ನಡುವೆ ಆರರ ಬದಲು ಒಂಬತ್ತು ತಿಂಗಳು ಬಿಟ್ಟರೆ ಋತುವೂ ಕೂಡಿಬರುತ್ತೆ.

28ರ ಕ್ಷಮೆ ಸಾಲದು. ಕಣ್ಣೀರು ಖರ್ಚಿಲ್ಲದ್ದು. ಓದುಗರು ನಂಬೋದು ಕೀಲಿ ವಾಪಸ್ ಬಂದಾಗ, ಅದೂ ಒಂದೇ ಸಲ ಅಲ್ಲ. ಅವಳು ಇಲ್ಲದಿರುವಾಗಲೇ ಅವನು ಬಾಗಿಲು ಮತ್ತು ಲಾಂಚಿನ ಅಧಿಕಾರ ಮೂವರಿಗೆ ಹಂಚಿ, ತನ್ನ ಹೆಸರು ತೆಗೆದಿರಬೇಕು, ಅದು ಅವಳಿಗೆ ಗೊತ್ತಾಗೋದು ಬೇರೆಯವರಿಂದ. ಆಮೇಲೆ ಒಮ್ಮೆ ಅವನಿಗೆ ನಿಜವಾಗಿ ಹೆದರಿಕೆ ಆಗುವ ಸಂದರ್ಭ ಬರಬೇಕು, ಹಳೆಯ ಪಾಸ್‌ವರ್ಡ್ ಇನ್ನೂ ನಡೆಯುತ್ತೆ ಅಂತ ಅವನಿಗೆ ಗೊತ್ತಿರಬೇಕು, ಅವನು ಮುಟ್ಟಬಾರದು. ಅವಳು ವಾಪಸ್ ಬರೋದನ್ನು ಇದಕ್ಕೆ ಬಹುಮಾನ ಮಾಡಬೇಡಿ. ಬಂದರೆ ಲ್ಯಾಬಿಗಾಗಿ ಬರಲಿ, ಅವನ ಜೊತೆ ಮಾತು ಅದರ ನಂತರ. ಇಷ್ಟಕ್ಕೂ ಕಥೆಯೊಳಗೆ ಐದಾರು ತಿಂಗಳಾದರೂ ಬೇಕು, ಹಾಗಾಗಿ ಕ್ಷಮೆಯನ್ನು 28ರಿಂದ 22ಕ್ಕೆ ತನ್ನಿ.

ಕರಾಳ ದಾರಿಯಲ್ಲೇ ಹೋಗ್ತೀರಿ ಅಂದರೆ ಹೋಗಿ, ಹಿಂಬದಿ ರಕ್ಷಾಪುಟದಲ್ಲಿ ಮುಚ್ಚುಮರೆ ಇಲ್ಲದೆ ಬರೆಯಿರಿ: ಕೂಡಿಹಾಕುವುದು, ಕಣ್ಗಾವಲು ಇದೆ ಅಂತ. "ಉತ್ಕಟ ಪ್ರೇಮ" ಅಂತ ಬರೆದು ಒಳಗೆ ಬೀಗ ಇಟ್ಟರೆ ಓದುಗರಿಗೆ ಮೋಸ ಮಾಡಿದ ಹಾಗೆ.

ಸುಮಂತನ ಬದಲು ಕೇಂದ್ರದ ಯಂತ್ರಬುದ್ಧಿಯೇ ಪ್ರೇಮಿ ಆಗಿದ್ದರೆ ಇನ್ನೊಂದು ಬಲೆ ಇದೆ, ಬೇರೆಯವರಿಗೆ ಉಪಯೋಗ ಆಗಬಹುದು ಅಂತ ಹೇಳ್ತೀನಿ. ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೊವ್ 1942ರಲ್ಲಿ ಬರೆದ ರೋಬಾಟ್ ನಿಯಮಗಳಲ್ಲಿ ಮೊದಲನೆಯದಕ್ಕೆ ಎರಡು ತುಂಡು: ಮನುಷ್ಯರಿಗೆ ಹಾನಿ ಮಾಡಬಾರದು, ಸುಮ್ಮನಿದ್ದು ಹಾನಿ ಆಗಲು ಬಿಡಲೂಬಾರದು. ಮನುಷ್ಯರ ಮಾತು ಕೇಳಬೇಕು ಅನ್ನೋದು ಎರಡನೆಯ ನಿಯಮ, ಮೊದಲನೆಯದಕ್ಕೆ ಅಡ್ಡ ಬಂದರೆ ಅದು ಬಿದ್ದುಹೋಗುತ್ತೆ. ಈ ಕ್ರಮ ಇಟ್ಟುಕೊಂಡು ಮಲೆನಾಡಿನ ಜುಲೈ ತಿಂಗಳು ಯೋಚಿಸಿ: ಜಾರು ದಾರಿ, ಹಳ್ಳ, ಹಾವು, ಬೀಳುವ ಮರ. ನಿಯಮ ಪಾಲಿಸುವ ಯಂತ್ರ ಅವಳನ್ನು ಹೊಸ್ತಿಲು ದಾಟೋಕೆ ಬಿಡಲ್ಲ. ದುಷ್ಟತನ ಒಂದು ಚೂರೂ ಬೇಕಾಗಿಲ್ಲ.

ತುಂಗಾತೀರ:

ಎಲ್ಲರೂ ಕಥೆಯ ಬಗ್ಗೆ ಹೇಳಿದ್ರಿ, ನಾನು ವಾಕ್ಯದ ಬಗ್ಗೆ ಹೇಳ್ತೀನಿ. ಹಿಡಿತ ಬಹಳ ಸಲ ನಾಯಕನಲ್ಲಿ ಇರಲ್ಲ, ನಿರೂಪಣೆಯ ಕ್ರಿಯಾಪದದಲ್ಲಿ ಇರುತ್ತೆ.

ಕರಡಿನಲ್ಲಿ "ಬಿಟ್ಟ" ಅಂತ ಹುಡುಕಿ. "ಸುಮಂತ ಅವಳನ್ನು ಹೋಗಲು ಬಿಟ್ಟ" ಅಂತ ಎಲ್ಲಾದರೂ ಇದ್ದರೆ, ಅವಳು ಹೋಗೋದು ಅವನು ಕೊಡಬೇಕಾದ ವಸ್ತು ಅಂತ ನೀವು ಒಪ್ಪಿಯಾಯ್ತು. "ಅವಳು ಹೋದಳು" ಅಂತ ಬರೆದರೆ ಸಾಕು. "ಕಳಿಸಿದ", "ಒಪ್ಪಿದ", "ಮಗುವಿನಂತೆ ಹಟ ಮಾಡಿದಳು" ಇವೆಲ್ಲ ಅದೇ ಜಾತಿ. ನೀವು ಉದ್ಧರಿಸಿದ ಸಾಲಿನಲ್ಲಿ ನನಗೆ ಲಾಕ್‌ಗಿಂತ ಹೆಚ್ಚು ನೋವು ಕೊಟ್ಟದ್ದು "ಹುಸಿಮುನಿಸು". ಹೊಳೆ ದಾಟೋಕೆ ಬಿಡದವನ ಮೇಲೆ ಬಂದ ಸಿಟ್ಟನ್ನು ಹುಸಿ ಅಂದುಬಿಟ್ಟರೆ ಅವಳಿಗೆ ಇನ್ನು ಯಾವ ಸಿಟ್ಟು ಉಳೀತು?

ಇನ್ನೊಂದು ಜೋಡಿ: "ಹೇಳಿ ಹೋಗು", "ಕೇಳಿ ಹೋಗು". ಒಂದೇ ಅಕ್ಷರದ ವ್ಯತ್ಯಾಸ. ಹೇಳಿ ಹೋಗೋದು ನಮ್ಮ ಮನೆಗಳ ರೂಢಿ. ತೋಟಕ್ಕೆ ಇಳಿಯುವ ಅಜ್ಜನೂ ಒಳಗೆ ಒಂದು ಮಾತು ಹೇಳಿಯೇ ಇಳಿಯೋದು. ಅದರಲ್ಲಿ ಮೇಲುಕೀಳಿಲ್ಲ. ಕೇಳಿ ಹೋಗೋದು ಒಬ್ಬರಿಗೆ ಮಾತ್ರ ಅಂಟಿಕೊಂಡಿರುತ್ತೆ. ಸುಮಂತ, ಭಾರ್ಗವಿ ಇಬ್ಬರೂ ಪರಸ್ಪರ ಹೇಳಿ ಹೋಗೋದನ್ನ ಮೊದಲ ಹತ್ತು ಅಧ್ಯಾಯದಲ್ಲಿ ಅಭ್ಯಾಸ ಮಾಡಿಸಿ. 19ರಲ್ಲಿ "ನನ್ನ ಕೇಳ್ದೆ ಯಾಕೆ ಹೋದೆ" ಅಂತ ಅವನ ಬಾಯಿಂದ ಬಂದರೆ ಆ ಒಂದು ಅಕ್ಷರ ಬದಲಾದದ್ದು ಕಿವಿಗೆ ಬಡಿಯುತ್ತೆ. "ನೀನು", "ನೀವು" ಕೂಡ ನೋಡಿಕೊಳ್ಳಿ. ಒಂದೇ ದರ್ಜೆಯ ಸಹೋದ್ಯೋಗಿಗಳಲ್ಲಿ ಅವನು ಏಕವಚನ, ಅವಳು ಬಹುವಚನ ಆದರೆ ಯಾವ ದಿನದಿಂದ, ಯಾಕೆ ಅಂತ ನಿಮಗೆ ಗೊತ್ತಿರಬೇಕು.

ಕಾನುಮನೆಯವರ ಬೋರ್ಡ್ ಇಟ್ಟುಕೊಂಡು 14ನ್ನು ಹೀಗೆ ಬರೆಯಬಹುದು:

"ನಲವತ್ತೇಳು," ಎಂದ ಸುಮಂತ.
ಭಾರ್ಗವಿಯೂ ಅದೇ ಬೋರ್ಡ್ ನೋಡುತ್ತಿದ್ದಳು. "ಕಾಣ್ತಿದೆ."
"ನಂಗೆ ಹೆದರಿಕೆ ಆಗ್ತಿದೆ."
"ನಂಗೂ." ಲೈಫ್ ಜಾಕೆಟ್ಟಿನ ಎರಡನೇ ಬಕಲ್ ಹಾಕಿಕೊಂಡಳು. "ಆಚೆ ದಡ ಮುಟ್ಟಿ ಹೇಳ್ತೀನಿ."
ಅವನು ಬಗ್ಗಿ ಹಗ್ಗ ಬಿಚ್ಚಿದ. ಒದ್ದೆ ಗಂಟು, ಬೇಗ ಬಿಡಲಿಲ್ಲ.

ಹೆದರಿಕೆಯನ್ನು ಅವನು ತನ್ನದು ಅಂತ ಹೇಳಿಕೊಂಡ, ಅಪ್ಪಣೆ ಮಾಡಲಿಲ್ಲ. ಒದ್ದೆ ಗಂಟಿನ ಹತ್ತಿರ ಅವನ ಕೈ ತಡವಾಗೋದರಲ್ಲಿ ಪ್ರೀತಿಯೂ ಇದೆ, ಹಿಡಿದಿಡುವ ಆಸೆಯೂ ಇದೆ. ಬಿಚ್ಚಿದ ಅನ್ನೋದು ಮುಖ್ಯ.

ಹಿನ್ನೀರು_ಬರಹ:

ಆ ಗಂಟನ್ನು ಹಾಗೇ ತೆಗೆದುಕೊಳ್ಳುತ್ತೇನೆ, ಒಪ್ಪಿಗೆ ಇದ್ದರೆ. ಕೊನೆಯ ಪ್ರಶ್ನೆ: ಎರಡನೇ ಭಾಗದಲ್ಲಿ ಸುಮಂತ ಮಂಗಳ ಗ್ರಹದ ನೆಲೆಗೆ ಹೋಗುತ್ತಾನೆ, ಭಾರ್ಗವಿ ಇಲ್ಲೇ. ದೂರ ಇದ್ದ ಮೇಲೆ ಹಿಡಿತದ ಪ್ರಶ್ನೆ ಬರುವುದಿಲ್ಲ ಅಲ್ಲವೇ?

ತುಂಗಾತೀರ:

ಧಾರಾಳವಾಗಿ ತಗೊಳ್ಳಿ.

ಉಣುಗು_ಚಿಮುಟ:

ಬರುತ್ತದೆ, ರೂಪ ಬದಲಾಗುತ್ತದೆ ಅಷ್ಟೆ. ಮಂಗಳಕ್ಕೆ ಸಂಕೇತ ತಲುಪಲು ಒಂದು ಕಡೆಗೆ ಸುಮಾರು 3ರಿಂದ 22 ನಿಮಿಷ, ಗ್ರಹಗಳು ಎಲ್ಲಿವೆ ಎಂಬುದರ ಮೇಲೆ. ಕ್ಷಣಕ್ಷಣ ನೋಡಿ ತಡೆಯಲು ಅವನಿಂದ ಆಗುವುದಿಲ್ಲ. ಹಾಗಾಗಿ ಹಿಡಿತ ಉಳಿದರೆ ಉಳಿಯುವುದು ಹೊರಡುವ ಮೊದಲು ಕೇಂದ್ರದ ವ್ಯವಸ್ಥೆಯಲ್ಲಿ ಅವನು ಬರೆದಿಟ್ಟು ಹೋದ ನಿಯಮಗಳಲ್ಲಿ. ಅವನು ಅಧಿಕಾರ ಹಂಚಿದ್ದು ನಿಜವೇ ಎಂಬುದಕ್ಕೆ ಅದೇ ಪರೀಕ್ಷೆ. ಒಂದು ನಿಯಮವನ್ನು ಭಾರ್ಗವಿ ಅಳಿಸಲಿ. ಆ ಸುದ್ದಿ ಅವನಿಗೆ 22 ನಿಮಿಷದ ನಂತರ ಮುಟ್ಟುತ್ತದೆ, ಅವನು ಆ ಕ್ಷಣವೇ ಏನು ಬರೆದರೂ ಅವಳಿಗೆ ಸಿಗುವುದು ಇನ್ನೂ 22 ನಿಮಿಷ ಕಳೆದು. ಅವನು ಬರೆದು ಅಳಿಸುವ ಉತ್ತರಗಳಿಗೆ ಒಂದು ಇಡೀ ಅಧ್ಯಾಯ ಕೊಡಬಹುದು.

ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ಭೂಮಿ ಮತ್ತು ಮಂಗಳದ ನಡುವೆ ಬರುತ್ತಾನೆ. ಆಗ ಎರಡು ವಾರದಷ್ಟು ಕಾಲ ಆಜ್ಞೆಗಳನ್ನು ಕಳಿಸುವುದನ್ನೇ ನಿಲ್ಲಿಸುತ್ತಾರೆ, ಸಂಕೇತ ಕೆಡುತ್ತದೆಂದು. ಆ ಎರಡು ವಾರವನ್ನು ಭಾರ್ಗವಿಯ ಕಣ್ಣಿನಿಂದ, ಕಾನಿನಲ್ಲಿ, ಪಟ್ಟಿ ಆಫ್ ಮಾಡಿ ಬರೆಯಿರಿ. ಸಂಪರ್ಕ ಮರಳಿದಾಗ ಸುಮಂತನ ಮೊದಲ ಮೆಸೇಜಿನಲ್ಲಿ "ಎಲ್ಲಿದ್ದೆ" ಎಂಬ ಪದ ಇದೆಯೋ ಇಲ್ಲವೋ ನೋಡಿಕೊಳ್ಳಿ.